ಹಾಲು ಬಿಡಿಸಿದ ಮೊದಲ ಎರಡು ವಾರ: ಹಂದಿಮರಿಯ ಕರುಳು ಮತ್ತು ತೂಕ

ಎಲ್ಲರಿಗೂ ನಮಸ್ಕಾರ. "ಮರಿ ತೂಕ ಬರ್ತಿಲ್ಲ, ಯಾವ ಟಾನಿಕ್ ಹಾಕೋಣ?" ಎಂಬ ಪ್ರಶ್ನೆ ಆಗಲೇ ಬಂದಿದೆ. ಟಾನಿಕ್ಕಿನ ಮಾತು ಕೊನೆಗಿರಲಿ. ತಾಯಿಯಿಂದ ಬೇರೆ ಮಾಡಿದ ದಿನ ಆ ಮರಿ ಏನಾದರೂ ತಿಂದಿತೇ? ನನಗೆ ಮೊದಲು ಅದು ಗೊತ್ತಾಗಬೇಕು.

ಹಾಲು ಕುಡಿಯುವಾಗ ಮರಿಯ ಹೊಟ್ಟೆಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಗಳದೇ ಮೇಲುಗೈ. ಅವು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಹೊಟ್ಟೆ ಹುಳಿಯಾಗಿರುತ್ತದೆ. 28ನೇ ದಿನ ಹಾಲು ಬಿಡಿಸಿದಿರಿ ಅನ್ನಿ. ಜಠರಕ್ಕೆ ತಾನೇ ಬೇಕಾದಷ್ಟು ಆಮ್ಲ ಸುರಿಸುವ ಶಕ್ತಿ ಇನ್ನೂ ಬಂದಿಲ್ಲ. ಬೆದರಿದ ಮರಿ ಒಂದು ದಿನ ಮೇವು ಮುಟ್ಟುವುದಿಲ್ಲ. ಅಷ್ಟರಲ್ಲೇ ಸಣ್ಣ ಕರುಳಿನ ಒಳಗೋಡೆಯ ಬೆರಳಿನಂಥ ವಿಲ್ಲೈಗಳು ಗಿಡ್ಡವಾಗತೊಡಗುತ್ತವೆ. ಮರುದಿನ ಗಬಗಬ ತಿನ್ನುತ್ತದೆ. ಅರಗದ ಸೋಯಾ ಪ್ರೋಟೀನು ದೊಡ್ಡ ಕರುಳಿಗಿಳಿದು ಕೊಳೆತು ಅಮೋನಿಯ ಆಗುತ್ತದೆ. ಎಫ್4, ಎಫ್18 ಎಂಬ ಅಂಟಿಕೊಳ್ಳುವ ಎಳೆಗಳಿರುವ ಇ. ಕೋಲಿ ಬ್ಯಾಕ್ಟೀರಿಯ ಸಣ್ಣ ಕರುಳಿಗೆ ಅಂಟಿ ವಿಷ ಬಿಡುತ್ತದೆ. ನೀರುನೀರು ಭೇದಿ, ಒದ್ದೆ ಬಾಲ, ಗುಳಿಬಿದ್ದ ಪಕ್ಕೆ.

ಡೆನ್ಮಾರ್ಕಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಲ್ಲಿ 1998ರಲ್ಲಿ ದೊಡ್ಡ ಹಂದಿಗಳ ಮೇವಿನಿಂದ ಬೆಳವಣಿಗೆ ಹೆಚ್ಚಲೆಂದು ಹಾಕುತ್ತಿದ್ದ ಆಂಟಿಬಯಾಟಿಕ್ ತೆಗೆದರು. ಹೇಳಿಕೊಳ್ಳುವಂಥ ತೊಂದರೆಯಾಗಲಿಲ್ಲ. ಆಮೇಲೆ ಹಾಲು ಬಿಟ್ಟ ಮರಿಗಳ ಮೇವಿನಿಂದಲೂ ತೆಗೆದಾಗ ಭೇದಿ ಹೆಚ್ಚಿತು, ಚಿಕಿತ್ಸೆಯ ಔಷಧ ಜಾಸ್ತಿ ಬೇಕಾಯಿತು. ಬೆಳೆದ ಹಂದಿಯ ದೊಡ್ಡ ಕರುಳಲ್ಲಿ ನಾರನ್ನು ಹುದುಗಿಸಿ ಬ್ಯುಟಿರೇಟ್, ಅಂದರೆ ಕರುಳಗೋಡೆಗೆ ಆಹಾರವಾಗುವ ಆಮ್ಲ, ಮಾಡುವ ಬ್ಯಾಕ್ಟೀರಿಯ ಆಗಲೇ ನೆಲೆಯೂರಿರುತ್ತವೆ. ಮರಿಯಲ್ಲಿ ಆ ಬಳಗ ಇನ್ನೂ ಕಟ್ಟಿಕೊಳ್ಳುತ್ತಿರುತ್ತದೆ. ಜಿಂಕ್ ಆಕ್ಸೈಡ್ ಆಸರೆಗೆ ಬಂತು: ಟನ್ ಮೇವಿಗೆ ಎರಡೂವರೆ ಕಿಲೋ ಸತು ಸೇರುವಷ್ಟು, ಎರಡು ವಾರ. ಭೇದಿ ನಿಂತಿತು, ಆದರೆ ಸತುವಿನ ಬಹುಪಾಲು ಸಗಣಿಯಲ್ಲಿ ಹೊಲಕ್ಕೆ ಹೋಯಿತು. 2022ರ ಜೂನಿನಲ್ಲಿ ಯುರೋಪಿಯನ್ ಒಕ್ಕೂಟ ಅದನ್ನೂ ನಿಲ್ಲಿಸಿತು. ಉಳಿದದ್ದು ಮೇವಿನ ಲೆಕ್ಕ. ನಾನು ಪದೇ ಪದೇ ಹೇಳುವುದೂ ಅದನ್ನೇ: ಮೊದಲ ದಿನ ಹೊಟ್ಟೆಗೆ ಬಿದ್ದರೆ ಅರ್ಧ ಔಷಧ ಉಳಿಯುತ್ತದೆ.

ಹುಟ್ಟಿದ ಹತ್ತನೇ ದಿನದಿಂದಲೇ ಮರಿಮೇವನ್ನು ಹಿಡಿಯಷ್ಟು, ದಿನಕ್ಕೆ ಮೂರ್ನಾಲ್ಕು ಸಲ ಇಡಿ. ಹಾಲು ಬಿಡಿಸಿದ ಮೇಲೆ ಮೂರು ದಿನ ಒಂದು ಪಾಲು ಮೇವಿಗೆ ಎರಡು ಪಾಲು ಉಗುರುಬೆಚ್ಚಗಿನ ನೀರು ಕಲಸಿ, ಐದಾರು ಸಲ. ಉಳಿದದ್ದನ್ನು ತೆಗೆದು ತಟ್ಟೆ ತೊಳೆಯಿರಿ; ಹಳಸಿದ ಗಂಜಿಯೇ ರೋಗ ತರುತ್ತದೆ. ಪ್ರೋಟೀನನ್ನು 22ರಿಂದ 18 ಪರ್ಸೆಂಟಿಗೆ ಇಳಿಸಿ. ಸೋಯಾ ಹಿಂಡಿ ಮಾರುವವರು ಯಾರಾದರೂ ಇದ್ದರೆ ಬೇಜಾರಾಗಬೇಡಿ! ಆದರೆ ಲೈಸಿನ್, ಮೆಥಿಯೋನಿನ್, ಥ್ರಿಯೋನಿನ್, ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲಗಳನ್ನು ಸೇರಿಸದೆ ಸುಮ್ಮನೆ ಇಳಿಸಿದರೆ ಬೆಳವಣಿಗೆ ಕುಂಠಿತವಾಗುತ್ತದೆ. ಸುಣ್ಣಕಲ್ಲಿನ ಪುಡಿಯನ್ನೂ ಈ ಎರಡು ವಾರ ಕಡಿಮೆ ಮಾಡಿ, ಇರುವ ಚೂರು ಆಮ್ಲವನ್ನೂ ಅದು ತಿಂದುಹಾಕುತ್ತದೆ. ದಪ್ಪ ಗೋಧಿ ಬೂಸಾ ನೂರಕ್ಕೆ ಮೂರ್ನಾಲ್ಕು ಪಾಲು ಇರಲಿ. ಅಕ್ಕಿ ತೌಡನ್ನು ತುಂಬಿಸಿದರೆ ಹೊಟ್ಟೆ ತುಂಬುತ್ತದೆ, ತೂಕ ಬರುವುದಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಬೇಗ ಮುಗಿಸುತ್ತೇನೆ. ಒಂದೇ ಸೂಲಿನ ಮರಿಗಳನ್ನು ಒಟ್ಟಿಗಿಡಿ, ನೆಲ ಒಣಗಿರಲಿ, ಮೊದಲ ವಾರ 28ರಿಂದ 30 ಡಿಗ್ರಿ ಬಿಸಿ ಇರಲಿ. ಹೋಟೆಲ್ ಮುಸುರೆ ಕೊಡುವವರು ಕಲಕುತ್ತಾ 90 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ. ಹಾಲು ಬಿಟ್ಟ ಮರಿಗಂತೂ ಅದು ಬೇಡವೇ ಬೇಡ. ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ನಮ್ಮ ದೇಶದಲ್ಲಿ 2019ರಿಂದ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ನಿಷೇಧ, ಯಾರು ಕೊಟ್ಟರೂ ತಗೋಬೇಡಿ.

ಇನ್ನು ಟಾನಿಕ್, ಅಂದರೆ ಪ್ರೊಬಯಾಟಿಕ್, ಕರುಳಿಗೆ ಒಳ್ಳೆಯದೆಂದು ಕೊಡುವ ಜೀವಂತ ಬ್ಯಾಕ್ಟೀರಿಯ. ಬ್ಯಾಕ್ಟೀರಿಯ ತಳಿಯ ಹೆಸರು, ಗ್ರಾಂಗೆ ಎಷ್ಟು ಜೀವಾಣು, ಕೊನೆಯ ದಿನಾಂಕ ಮೂರೂ ಬರೆದಿರಬೇಕು. ಬಿಸಿ ಗಂಜಿಗೆ ಹಾಕಬೇಡಿ, ಸಾಯುತ್ತವೆ. ಹಾಕುವ ದಿನವೂ ಏಳನೇ ದಿನವೂ ಮರಿ ತೂಗಿ. ಹಾಕದ ಒಂದು ಗೂಡನ್ನೂ ಪಕ್ಕದಲ್ಲಿಟ್ಟು ತೂಗಿ, ಆಮೇಲೆ ದುಡ್ಡು ಕೊಡಿ. ಈಗ ಪ್ರಶ್ನೆ ಕೇಳಿ.