ತೊಂಬತ್ತೊಂಬತ್ತು ಅನ್ನಿ ನೋಡೋಣ

ಹೋದ್ ಮಳೆಗಾಲದಲ್ಲಿ ನಮ್ ಮಾವಂಗೆ ಒಂದ್ ವಾರ ಜ್ವರ, ಕೆಮ್ಮು. ಮಾವ ಅಂದ್ರೆ ಮುಂಬೈ ಪಕ್ಕದ ಡೊಂಬಿವಲಿಯವ್ರು, ಮುಂಬೈ ಫೋರ್ಟ್ ಕಡೆ ಹೋಟೆಲ್ ಗಲ್ಲಾದಲ್ಲಿ ಕೂತೇ ತಲೆ ಬೆಳ್ಳಗಾದೋರು. ದೊಡ್ಡ ಆಸ್ಪತ್ರೆ ಅಂತ ಒಂದ್ ಕಡೆ ಕರ್ಕೊಂಡ್ ಹೋದೆ, ಅಲ್ಲಿ ಡಾಕ್ಟ್ರು ಕಂಪ್ಯೂಟರಿಂದ ಕಣ್ಣೇ ತೆಗೀಲಿಲ್ಲ, ಸೀದಾ ಸಿಟಿ ಸ್ಕ್ಯಾನ್ ಬರ್ದು ಚೀಟಿ ಕೊಟ್ರು. ಮಾವ ಹೊರಗ್ ಬಂದು, "ಇಷ್ಟಕ್ಕೆ ನಾನ್ಯಾಕೆ ಲೋಕಲ್ ಟ್ರೇನಲ್ಲಿ ನೇತಾಡ್ಕೊಂಡು ಬರ್ಬೇಕಿತ್ತಾ ಮಾರಾಯ?"

ಮಾರನೇ ದಿನ ಮಾಟುಂಗಾದಲ್ಲಿ ಒಬ್ರು ಹಳೇ ಡಾಕ್ಟ್ರು. ಅಂಗಿ ಬಿಚ್ಸಿ, ಬೆನ್ನ ಮೇಲೆ ಕಿರುಬೆರಳ ಕಡೆ ಅಂಗೈ ಅಂಚು ಇಟ್ಟು "ನವ್ವ್ಯಾಣ್ಣವ್ ಮ್ಹಣಾ" ಅಂದ್ರು, ಮರಾಠೀಲಿ ತೊಂಬತ್ತೊಂಬತ್ತು ಅನ್ನಿ ಅಂತ. ಮಾವ ಗಾಬರೀಲಿ ಕನ್ನಡದಲ್ಲೇ ತೊಂಬತ್ತೊಂಬತ್ತು, ತೊಂಬತ್ತೊಂಬತ್ತು ಅಂತ ಶುರು ಹಚ್ಕೊಂಡ್ರು. ಡಾಕ್ಟ್ರು ಬೇಡ ಅನ್ಲಿಲ್ಲ, ಎಡಕ್ಕೊಂದ್ಸಲ ಬಲಕ್ಕೊಂದ್ಸಲ ಕೈ ಸರಿಸ್ತಾ ಬಂದು ಬಲಗಡೆ ಕೆಳಗೆ ನಿಲ್ಸಿದ್ರು. ಇಲ್ಲಿ ಜಾಸ್ತಿ ಅದುರ್ತಿದೆ, ನ್ಯುಮೋನಿಯಾ ಇರ್ಬೇಕು, ಒಂದ್ ಎಕ್ಸ್‌ರೇ ತೆಗ್ಸಿ ಅಂದ್ರು. ಎಕ್ಸ್‌ರೇಲಿ ಅದೇ ಜಾಗ!

ಮಂತ್ರ ಗಿಂತ್ರ ಏನಿಲ್ಲ. ಗಂಟಲಲ್ಲಿ ಹುಟ್ಟಿದ್ ದನಿ ಶ್ವಾಸನಾಳದಿಂದ ಶ್ವಾಸಕೋಶಕ್ಕಿಳಿದು ಎದೆಗೂಡಿನವರೆಗೂ ಬರತ್ತೆ. ಚೆನ್ನಾಗಿರೋ ಶ್ವಾಸಕೋಶ ಗಾಳಿ ತುಂಬಿದ್ ಸ್ಪಂಜು, ದನಿ ಅದರೊಳಗೆ ಅರ್ಧ ಕರಗ್ಹೋಗತ್ತೆ. ನ್ಯುಮೋನಿಯಾ ಆಗಿ ಆ ಭಾಗ ಗಟ್ಟಿಯಾದ್ರೆ ಅದುರು ಸಲೀಸಾಗಿ ಹಾಯತ್ತೆ, ಒಳಗಿನ ನಾಳ ಮುಚ್ಚಿರಬಾರ್ದು ಅಷ್ಟೇ. ಶ್ವಾಸಕೋಶದ್ ಸುತ್ತ ನೀರು ತುಂಬಿದ್ರೋ ಗಾಳಿ ಸೇರಿದ್ರೋ ಉಲ್ಟಾ, ಕೈಗೆ ಅದುರು ಕಮ್ಮಿ ಸಿಗತ್ತೆ, ಇಲ್ಲಾ ಸಿಗೋದೇ ಇಲ್ಲ. ಅದಕ್ಕೇ ಎರಡೂ ಕಡೆ ಹೋಲಿಸಿ ನೋಡೋದು.

ಇನ್ನು ಈ ತೊಂಬತ್ತೊಂಬತ್ತು ಯಾಕೆ? ಜರ್ಮನ್ ಡಾಕ್ಟ್ರುಗಳು ತಮ್ ಭಾಷೇಲಿ ತೊಂಬತ್ತೊಂಬತ್ತು, ಅಂದ್ರೆ ನೊಯ್ನ್‌ಉಂಟ್‌ನೊಯ್ನ್‌ಟ್ಸಿಶ್ ಅನ್ನಿಸ್ತಿದ್ರು, ಆ "ನೊಯ್" ಎದೇಲಿ ಗುಂಯ್ ಅನ್ನತ್ತೆ. ಇಂಗ್ಲಿಷ್ನೋರು ಅಂಕಿ ಇಟ್ಕೊಂಡು ಸದ್ದು ಬಿಟ್ರು, ನೈಂಟಿ ನೈನ್ ಅಷ್ಟು ಅದುರಲ್ಲ, ನಾವು ಇಂಗ್ಲಿಷ್ನೋರದ್ದನ್ನ ಕಾಪಿ ಹೊಡೆದ್ವಿ. ಈಗ್ಲೇ ಎದೆ ಮೇಲೆ ಕೈ ಇಟ್ಟು ನೈಂಟಿ ನೈನ್ ಅನ್ನಿ, ಆಮೇಲೆ ದಪ್ಪ ದನೀಲಿ ತೊಂಬತ್ತೊಂಬತ್ತು ಅನ್ನಿ, ನನಗಂತೂ ನಮ್ದೇ ಜೋರು ಅನ್ಸತ್ತೆ. ಅಭಿಮಾನ ಅಂದ್ಕೊಳ್ಳಿ ಬೇಕಾದ್ರೆ.

ಸ್ಕ್ಯಾನ್ ಬೇಡ ಅಂತ ನಾನ್ ಹೇಳ್ತಿಲ್ಲಪ್ಪ. ಮೈ ದಪ್ಪ ಇದ್ರೆ, ದನಿ ಸಣ್ಣದಿದ್ರೆ, ನೀರು ಸ್ವಲ್ಪವೇ ಇದ್ರೆ ಕೈಗೆ ಗೊತ್ತಾಗ್ದೇ ಹೋಗ್ಬಹುದು, ಬರೀ ಇದೊಂದನ್ನೇ ನಂಬಿ ಔಷಧಿ ಬರೆಯೋದೂ ತಪ್ಪು. ಆದ್ರೆ ಎರಡು ನಿಮಿಷ, ಖರ್ಚಿಲ್ಲ, ಕರೆಂಟ್ ಬೇಡ. ಸ್ಕ್ಯಾನ್ ಯಾರಿಗೆ ಬೇಕು, ಯಾರಿಗೆ ಎಕ್ಸ್‌ರೇ ಸಾಕು ಅಂತ ತೀರ್ಮಾನ ಮಾಡೋಕಾದ್ರೂ ಮೊದ್ಲು ಮುಟ್ಬೇಕಲ್ವಾ? ಮಾವ ಈಗ ಆರಾಮಾಗಿದ್ದಾರೆ, ಫಾಲೋಅಪ್‌ಗೆ ಹೋದಾಗ ಡಾಕ್ಟ್ರು ಕೇಳೋಕ್ ಮುಂಚೇನೇ ಅಂಗಿ ಬಿಚ್ಚಿ ಎಣಿಸೋಕೆ ಶುರು.