ಆ ಹುಡುಗನ ಟಿಕೆಟ್

'ಸರ್, ನಾನು ಹ್ಯಾಕ್ ಬಳಸಿಲ್ಲ. ಇದು ಅಣ್ಣನ ಹಳೆಯ ಫೋನ್. ದಯವಿಟ್ಟು ನನ್ನ ಐಡಿ ವಾಪಸ್ ಕೊಡಿ.'

ಆಟದ ಖಾತೆ ಕಳೆದುಕೊಂಡ ಹುಡುಗನೊಬ್ಬ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಅದು. ಯಾವ ಭಾಷೆ ಎಂದು ತಂತ್ರಾಂಶಕ್ಕೆ ತಿಳಿಯದೆ, ಯಾವ ಸರದಿಗೂ ಸೇರದೆ ಎರಡು ದಿನ ಬಿದ್ದಿತ್ತು. ನಮ್ಮ ರಾತ್ರಿ ಪಾಳಿಯಲ್ಲಿ ಕನ್ನಡ ಓದುವವರು ಇಬ್ಬರೇ ಇದ್ದೆವು. ಅದು ನನ್ನ ಪಾಲಿಗೆ ಬಂತು.

ಸ್ನೇಹಿತರೇ, ಬೆಂಗಳೂರಿನಲ್ಲಿ ಕುಳಿತು ಮೂರು ವರ್ಷ ನಾನು ಒಂದು ಆನ್‌ಲೈನ್ ಶೂಟಿಂಗ್ ಆಟದ ಗ್ರಾಹಕ ಸೇವೆಯಲ್ಲಿ ದುಡಿದೆ. ದೂರಿಗೆ ಅಲ್ಲಿ ಟಿಕೆಟ್ ಎನ್ನುತ್ತಾರೆ. ಪಾಳಿಗೆ 80 ಟಿಕೆಟ್ ಮುಗಿಸಬೇಕು. ಈ ಕೆಲಸದಲ್ಲಿ ಬೈಗುಳವೇ ದೊಡ್ಡ ಕಷ್ಟ ಎಂದು ಹೊರಗಿನವರು ಭಾವಿಸುತ್ತಾರೆ. ಅಮ್ಮ, ಅಕ್ಕಂದಿರನ್ನು ಎಳೆದು ತರುವ ಬೈಗುಳ ನೋಯಿಸುತ್ತದೆ, ನಿಜ. ಆದರೆ ನನ್ನ ನಿದ್ದೆ ಕೆಡಿಸಿದ್ದು ಬೈಗುಳವಲ್ಲ, ನಾನು ಕೊಟ್ಟ ಉತ್ತರಗಳು.

ಹ್ಯಾಕ್ ಎಂಬ ಕಳ್ಳ ತಂತ್ರಾಂಶ ಬಳಸಿ ಮೋಸ ಮಾಡಿದವನು ಹೊಸ ಐಡಿ ಮಾಡಿಕೊಂಡು ಮರಳಿ ಬರಬಾರದೆಂದು ಅನೇಕ ಆಟಗಳಲ್ಲಿ ಖಾತೆಯ ಜೊತೆಗೆ ಫೋನನ್ನೂ ಬ್ಯಾನ್ ಮಾಡುತ್ತಾರೆ. ಉದ್ದೇಶ ಸರಿಯೇ. ಮೋಸಗಾರರಿಂದ ಆಟ ಕೆಡುವುದನ್ನು ನಾನೂ ಕಂಡಿದ್ದೇನೆ. ಆದರೆ ಒಂದೇ ಫೋನು ಮನೆಯಲ್ಲಿ ಮೂರು ಕೈ ಬದಲಾಗುವ, ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ಕೊಂಡು ತರುವ ನಮ್ಮ ಊರುಗಳಲ್ಲಿ ಅಣ್ಣ ಮಾಡಿದ್ದನ್ನು ತಮ್ಮ ಉಣ್ಣುತ್ತಾನೆ. ಆ ಹುಡುಗನ ವಿಷಯದಲ್ಲಿ ಹಾಗೇ ಆಗಿರಬೇಕು ಎಂದು ನನಗೆ ಅನ್ನಿಸಿತು. ಖಚಿತಪಡಿಸಿಕೊಳ್ಳುವ ದಾರಿ ಇರಲಿಲ್ಲ. ಬ್ಯಾನ್ ಏಕೆ ಬಿದ್ದಿದೆ ಎಂಬುದನ್ನು ಬಹಿರಂಗಪಡಿಸಿದರೆ ಹ್ಯಾಕ್ ಮಾರುವವರು ತಪ್ಪಿಸಿಕೊಳ್ಳುವ ದಾರಿ ಕಲಿಯುತ್ತಾರೆ. ಹೀಗಾಗಿ ಸಾಕ್ಷ್ಯ ಆಟಗಾರನಿಗೂ ಕಾಣುವುದಿಲ್ಲ, ಉತ್ತರ ಬರೆಯುವ ನನಗೂ ಕಾಣುತ್ತಿರಲಿಲ್ಲ.

ಕಾಣುತ್ತಿದ್ದದ್ದು ಸಿದ್ಧ ಉತ್ತರ ಮಾತ್ರ: 'ನಿಮ್ಮ ಖಾತೆಯನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇವೆ. ನಮ್ಮ ನಿರ್ಧಾರ ಅಂತಿಮ.' ಯಾರೂ ಪರಿಶೀಲಿಸಿರಲಿಲ್ಲ. ಕೆಳಗೆ ನನ್ನ ಹೆಸರಿತ್ತು. ಕಳುಹಿಸಿದೆ. 'ಸರ್, ನೀವು ಓದಿದಿರಾ?' ಎಂದು ಅವನು ಕೇಳಿದ. ಅಷ್ಟರಲ್ಲಿ ಟಿಕೆಟ್ ಮುಚ್ಚಿತ್ತು.

ಇದಕ್ಕೇ ನನ್ನ ಆಕ್ಷೇಪ. ಓದುವವರಿಗೆ ಅಧಿಕಾರವಿಲ್ಲ, ಅಧಿಕಾರ ಇರುವವರು ಓದುವುದಿಲ್ಲ. ಆಟದಲ್ಲಿ ಏನು ಕೆಟ್ಟಿದೆ ಎಂಬುದು ಎಲ್ಲರಿಗಿಂತ ಮೊದಲು ತಿಳಿಯುವುದು ಟಿಕೆಟ್ ಓದುವವರಿಗೆ. ಫೋರ್ಟ್‌ನೈಟ್ ಆಟದ ಪ್ರಕರಣ ನೋಡಿ. ಮಕ್ಕಳೂ ದೊಡ್ಡವರೂ ಅರಿವಿಲ್ಲದೆ ಗುಂಡಿ ಒತ್ತಿ ಹಣ ಕಳೆದುಕೊಳ್ಳುವಂತೆ ಆಟವನ್ನು ವಿನ್ಯಾಸ ಮಾಡಲಾಗಿದೆ, ಬ್ಯಾಂಕಿಗೆ ದೂರು ಕೊಟ್ಟವರ ಖಾತೆಗಳಿಗೇ ಬೀಗ ಹಾಕಲಾಗಿದೆ ಎಂದು ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಬಳಕೆದಾರರ 10 ಲಕ್ಷಕ್ಕೂ ಹೆಚ್ಚು ದೂರುಗಳನ್ನೂ ನೌಕರರೇ ವ್ಯಕ್ತಪಡಿಸಿದ್ದ ಆತಂಕವನ್ನೂ ಕಂಪನಿ ಕಡೆಗಣಿಸಿತ್ತು ಎಂದೂ ಹೇಳಿತು. 2022ರ ಡಿಸೆಂಬರ್‌ನಲ್ಲಿ ಆ ಆಟದ ಕಂಪನಿ ಎಪಿಕ್ ಗೇಮ್ಸ್ 24.5 ಕೋಟಿ ಡಾಲರ್ ಮರುಪಾವತಿಗೆ ಒಪ್ಪಿಕೊಂಡಿತು. ಆ 10 ಲಕ್ಷ ದೂರುಗಳ ಮುಂದೆ ನನ್ನಂತೆಯೇ ಯಾರೋ ಕುಳಿತಿದ್ದರು ಎಂಬುದನ್ನು ನೆನೆದರೆ ಇಂದಿಗೂ ಹೊಟ್ಟೆ ಸಂಕಟವಾಗುತ್ತದೆ.

ಬೇರೆ ರೀತಿಯೂ ಸಾಧ್ಯವಿತ್ತು. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಗೇಮ್ ಮಾಸ್ಟರ್ ಎಂಬವರು ಆಟದೊಳಗೇ ಬಂದು ಮಾತನಾಡುತ್ತಿದ್ದರು, ಸಿಕ್ಕಿಹಾಕಿಕೊಂಡ ಪಾತ್ರವನ್ನು ಬಿಡಿಸುತ್ತಿದ್ದರು, ಕಳೆದುಹೋದ ವಸ್ತುವನ್ನು ಮರಳಿಸುತ್ತಿದ್ದರು. ಅವರೂ ಗ್ರಾಹಕ ಸೇವೆಯವರೇ. ಕೈಯಲ್ಲಿ ಅಧಿಕಾರವಿತ್ತು, ಅಷ್ಟೇ.

ಬೆಂಗಳೂರಿನಲ್ಲಿ ಇಂಥ ತಂಡ ಕಟ್ಟುವವರಿಗೆ ನನ್ನ ಬೇಡಿಕೆಗಳು ಮೂರು. ಟಿಕೆಟ್ ಓದಿದವರಿಗೆ ಅನುಮಾನ ಬಂದರೆ, ಸಾಕ್ಷ್ಯ ನೋಡಬಲ್ಲ ಇನ್ನೊಬ್ಬ ಮನುಷ್ಯನ ಮುಂದೆ ಆ ಬ್ಯಾನ್ ಹೋಗಲೇಬೇಕು. ಆ ಟಿಕೆಟ್‌ಗೆ ಹಿಡಿದ ಸಮಯದಿಂದಾಗಿ 80 ಮುಗಿಯದಿದ್ದರೆ ಅದನ್ನು ಅವರ ತಪ್ಪೆಂದು ಲೆಕ್ಕ ಹಿಡಿಯಬಾರದು. ಕನ್ನಡದಲ್ಲಿ ಬರೆದದ್ದು ಕನ್ನಡ ಬಲ್ಲವರ ಕೈಗೆ ಸೇರಬೇಕು, ಯಾವ ಅಕ್ಷರದಲ್ಲಿ ಬರೆದಿದ್ದರೂ ಸರಿ.

ಈ ಹೊತ್ತಿಗೂ ಪಾಳಿಯಲ್ಲಿರುವ ಗೆಳೆಯರೇ, ಅನುಮಾನ ಬಂದ ಟಿಕೆಟ್‌ಗಳ ಪಟ್ಟಿ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಮೇಲಿನವರ ಮೇಜಿನ ಮೇಲೆ ಇಡಿ. ಎರಡನೇ ವರ್ಷದಲ್ಲಿ ನಾನು ಹಾಗೆ ಮಾಡತೊಡಗಿದೆ. ಮೊದಲ ಪಟ್ಟಿಯಲ್ಲಿದ್ದ 17 ಟಿಕೆಟ್‌ಗಳಲ್ಲಿ 4 ಐಡಿಗಳು ಮರಳಿದವು. ಆ ಹುಡುಗನ ಟಿಕೆಟ್ ಬಂದದ್ದು ಅದಕ್ಕೂ ಐದು ತಿಂಗಳು ಮೊದಲು.