ಬೋರ್ಡ್ ಬರೀತಿದ್ದ ಹುಡುಗ ಪ್ಯಾರಿಸ್ ಗ್ಯಾಲರಿ ತಲುಪಿದ್ದು ಹೇಗೆ? | ಶೇರಿ ಸಾಂಬಾ

[ತೆರೆಯಲ್ಲಿ: ‘ನನಗೆ ಬಣ್ಣ ಇಷ್ಟ’, 2003. ನಿಧಾನ ಝೂಮ್]

ಈ ಮುಖ ನೋಡಿ. ಕಿತ್ತಳೆ ಸಿಪ್ಪೆ ಸುಲಿದ ಹಾಗೆ ತಲೆಯೇ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿದೆ. ಸಂದಿಯಲ್ಲಿ ನೀಲಿ ಆಕಾಶ. ಹಲ್ಲಲ್ಲಿ ಕಚ್ಚಿದ ಬ್ರಷ್‌ನಿಂದ ಬಣ್ಣ ತೊಟ್ಟಿಕ್ತಿದೆ. ಬರೆದವರು ಕಾಂಗೋದ ಶೇರಿ ಸಾಂಬಾ. ಚಿತ್ರದಲ್ಲಿರೋದೂ ಅವರೇ.

ಹುಟ್ಟಿದ್ದು 1956ರಲ್ಲಿ, ಕಿಂಟೋ ಮ್ವುಯಿಲಾ ಅನ್ನೋ ಹಳ್ಳಿ. ತಂದೆ ಕಮ್ಮಾರ. 1972ರಲ್ಲಿ ಶಾಲೆ ಬಿಟ್ಟು ರಾಜಧಾನಿ ಕಿನ್ಶಾಸಾಕ್ಕೆ ಬಂದ ಹುಡುಗ ಬೋರ್ಡ್ ಬರೆಯುವವರ ಹತ್ತಿರ ಕೆಲಸಕ್ಕೆ ಸೇರಿದ. 1975ಕ್ಕೆಲ್ಲ ಸ್ವಂತ ಅಂಗಡಿ. ಜೊತೆಗೆ ‘ಬಿಲೆಂಗೆ ಇನ್ಫೋ’ ಪತ್ರಿಕೆಗೆ ಕಾಮಿಕ್ಸ್.

[ತೆರೆಯಲ್ಲಿ: ಚಿತ್ರದೊಳಗಿನ ಬರಹದ ಕ್ಲೋಸಪ್]

ಕ್ಯಾನ್ವಾಸ್ ದುಬಾರಿ, ಹಾಗಾಗಿ ಚೀಲದ ಬಟ್ಟೆ ಮೇಲೇ ಬರೆದರು. ಆದರೆ ಒಂದು ತಲೆನೋವಿತ್ತು. ಬೀದೀಲಿ ಹೋಗೋ ಜನ ಚಿತ್ರದ ಕಡೆ ಒಮ್ಮೆ ಕಣ್ಣು ಹಾಯಿಸಿ ನಡೆದುಬಿಡೋರು. ನಾಲ್ಕು ಸಾಲು ಬರೆದುಬಿಟ್ಟರೆ? ಓದೋಕಾದ್ರೂ ನಿಲ್ಲಲೇಬೇಕಲ್ಲ! ಕಾಮಿಕ್ಸ್‌ನ ಮಾತಿನ ಗುಳ್ಳೆಗಳು ಚಿತ್ರದೊಳಗೆ ಬಂದವು. ಫ್ರೆಂಚ್‌ನಲ್ಲೂ ಬರೀತಾರೆ, ಊರಿನ ಮಾತು ಲಿಂಗಾಲಾದಲ್ಲೂ. ಭ್ರಷ್ಟಾಚಾರ, ಏಡ್ಸ್, ಗಂಡ-ಹೆಂಡಿರ ಜಗಳ, ಏನು ಬೇಕಾದ್ರೂ ವಿಷಯವೇ. ಇದಕ್ಕೆ ಅವರಿಟ್ಟ ಹೆಸರು ‘ಸಾಂಬಾ ಛಾಪು’. ಸಂಕೋಚದ ಮನುಷ್ಯ ಅಲ್ಲ ಬಿಡಿ!

1978ರಲ್ಲಿ ಕಿನ್ಶಾಸಾದಲ್ಲಿ ‘ಎಲ್ಲೆಲ್ಲೂ ಕಲೆ’ ಅನ್ನೋ ಪ್ರದರ್ಶನ ನಡೀತು. ಬೀದಿಯ ಕಲಾವಿದರು ಮೊದಲ ಸಲ ದೊಡ್ಡದಾಗಿ ಕಣ್ಣಿಗೆ ಬಿದ್ದದ್ದು ಅಲ್ಲಿ. 1989ರಲ್ಲಿ ಪ್ಯಾರಿಸ್‌ನ ಪಾಂಪಿಡು ಸೆಂಟರ್ ಮತ್ತು ಲಾ ವಿಲೆಟ್‌ನಲ್ಲಿ ‘ಭೂಮಿಯ ಮಾಂತ್ರಿಕರು’ ಅನ್ನೋ ಪ್ರದರ್ಶನ. ಸಾಂಬಾ ಹೆಸರು ಹೊರಜಗತ್ತಿಗೆ ಗೊತ್ತಾಯ್ತು. ಅದನ್ನ ನೋಡಿದ ಸಂಗ್ರಾಹಕ ಜಾನ್ ಪಿಗೋಝಿ ಆಫ್ರಿಕಾದ ಕಲೆಯನ್ನ ಕೊಳ್ಳೋಕೆ ಶುರುಮಾಡಿದರು.

ಇಲ್ಲೊಂದು ತಕರಾರು ಇದೆ. ಯುರೋಪಿನ ಇಂಥ ಸಂಗ್ರಹಗಳು ಗುರುವಿಲ್ಲದೆ ಕಲಿತವರನ್ನೇ ಹುಡುಕಿದವು, ಆಫ್ರಿಕಾದ ಕಲಾಶಾಲೆಗಳಲ್ಲಿ ಓದಿದವರು ಬದಿಗೆ ಸರಿದರು ಅನ್ನೋ ಟೀಕೆ. ನನಗೂ ಅದು ಸರಿ ಅನ್ಸುತ್ತೆ. ಕಿನ್ಶಾಸಾದಲ್ಲೇ ಲಲಿತಕಲಾ ಅಕಾಡೆಮಿ ಇತ್ತು! ಇನ್ನೂ ಒಂದು ಮಾತು: ಸಾಂಬಾ ಏನೂ ಕಲಿಯದೆ ಬಂದವರಲ್ಲ. ದೂರದಿಂದಲೇ ಕಣ್ಣು ಸೆಳೆಯೋ ಬಣ್ಣ, ಅಕ್ಷರಕ್ಕೆ ಎಷ್ಟು ಜಾಗ ಬಿಡಬೇಕು ಅನ್ನೋ ಲೆಕ್ಕ, ಗಿರಾಕಿಗೆ ತಕ್ಷಣ ಅರ್ಥವಾಗೋ ಹಾಗೆ ಹೇಳೋದು, ಇಷ್ಟನ್ನೂ ಕಲಿಸಿದ್ದು ಬೋರ್ಡಿನ ಅಂಗಡಿ.

[ತೆರೆಯಲ್ಲಿ: ‘ನಮ್ಮ ಕಲೆಗೆ ಯಾವ ಭವಿಷ್ಯ?’, 1997]

ಸಾಂಬಾ ಇದಕ್ಕೆ ಬಣ್ಣದಲ್ಲೇ ಉತ್ತರ ಕೊಟ್ಟರು. ಇಲ್ಲಿ ಅವರ ಜೊತೆಗಿರೋದು ಪಿಕಾಸೋ! ಆಫ್ರಿಕಾದ ಮುಖವಾಡಗಳಿಂದ ಸ್ಫೂರ್ತಿ ಪಡೆದ ಪಿಕಾಸೋಗೆ ಆಧುನಿಕ ಕಲೆಯ ಮ್ಯೂಸಿಯಂ ಬಾಗಿಲು ತೆರೀತು. ಆ ಮುಖವಾಡಗಳ ನಾಡಿನ ಕಲಾವಿದರಿಗೆ? ಪ್ರಶ್ನೆ ನೇರವಾಗಿದೆ, ಆದರೆ ತುಂಟತನ ಬಿಟ್ಟಿಲ್ಲ.

2004ರಲ್ಲಿ ಪ್ಯಾರಿಸ್‌ನ ಕಾರ್ಟಿಯೇ ಫೌಂಡೇಶನ್ ಅನ್ನೋ ಕಲಾಸಂಸ್ಥೆಯಲ್ಲಿ ಏಕವ್ಯಕ್ತಿ ಪ್ರದರ್ಶನ. ಹೆಸರೇನು ಗೊತ್ತಾ? ‘ನನಗೆ ಶೇರಿ ಸಾಂಬಾ ಇಷ್ಟ’! ಮೂರು ವರ್ಷ ಕಳೆದು, 2007ರಲ್ಲಿ, ವೆನಿಸ್ ಬಿನಾಲೆ, ಅಂದ್ರೆ ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯೋ ದೊಡ್ಡ ಕಲಾ ಪ್ರದರ್ಶನ.

ಅವರ ಚಿತ್ರಗಳು ಸಿಕ್ಕರೆ ಮೊಬೈಲಲ್ಲಿ ಬೆರಳು ಸರಿಸಿ ಮುಂದೆ ಹೋಗಬೇಡಿ, ಝೂಮ್ ಮಾಡಿ ಬರಹ ಓದಿ. ಮುಂದಿನ ಸಂಚಿಕೆ ಅದೇ ಊರಿನ, ಅದೇ ಬೀದಿ ಕಲಾವಿದರ ಗುಂಪಿನ ಮೊಕೆ ಬಗ್ಗೆ: ಕಿನ್ಶಾಸಾದ ಬಾರು, ಬೀದಿಗಳನ್ನ ಬರೆದ ಕಲಾವಿದ.